ಗ್ಯಾಸ್ಕೆಟ್ ಮೊದಲಾಳಿ ಎಂ.ಪಿ. ಆದ ಮೇಲೆ

ನಮ್ಮ ಕಂಪನಿಯಲ್ಲಿ ಏನೂ ಆಗದೆ ಸುಮ್ಮನೆ ಕಳೆದ ದಿನ ಅಂತ ಒಂದೂ ನನಗೆ ನೆನಪಿಲ್ಲ. ಇದ್ದರೆ ಅದು ಭಾನುವಾರವೇ ಇರಬೇಕು. ಮೊದಲಾಳಿ ಬರೀ ಮೊದಲಾಳಿಯಾಗಿದ್ದಾಗ ವಾರಕ್ಕೊಂದು ತಮಾಷೆ ಆಗುತ್ತಿತ್ತು. ಅವರು ಎಂ.ಪಿ. ಆದ ಮೇಲೆ ತಮಾಷೆಯೂ ಎರಡು ಪಾಳಿಯಲ್ಲಿ ನಡೆಯತೊಡಗಿತು.

ಮೊದಲಾಳಿ ಅಂದರೆ ಇಲ್ಲಿನ ಮಾತಿನಲ್ಲಿ ಧಣಿ. ಅವರದು ಅಂಬಲಮುಗಳಿನಲ್ಲಿ, ರಿಫೈನರಿಯ ಚಿಮಣಿ ಕಾಣುವ ರಸ್ತೆಯಲ್ಲಿ, ಕುಕ್ಕರ್ ಗ್ಯಾಸ್ಕೆಟ್ ಮಾಡುವ ಕಾರ್ಖಾನೆ. ಕುಕ್ಕರ್ ಮುಚ್ಚಳದೊಳಗೆ ಕೂರುವ ಕಪ್ಪು ರಬ್ಬರ್ ರಿಂಗು ಇದೆಯಲ್ಲ, ಅದೇ. ನನ್ನ ಗಂಡ ರಿಫೈನರಿಯಲ್ಲಿ ಗುತ್ತಿಗೆದಾರರ ಕೈಕೆಳಗೆ ವೆಲ್ಡರ್. ನಮ್ಮೂರು ಬಂಟ್ವಾಳದ ಕಡೆ, ಬಾಡಿಗೆ ಮನೆ ತ್ರಿಪ್ಪುಣಿತ್ತುರದಲ್ಲಿ. ಕಂಪನಿಯ ರಿಂಗು ಅರ್ಧಕ್ಕರ್ಧ ಕರ್ನಾಟಕದಲ್ಲೇ ಖರ್ಚಾಗುವುದು. ದೂರು ಹೇಳುವವರೆಲ್ಲ ಕನ್ನಡದಲ್ಲೇ ಬೈಯುತ್ತಿದ್ದರು, ಬೈದದ್ದು ಏನು ಅಂತ ಕಂಪನಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಫೋನಿನ ಮುಂದೆ ನನ್ನನ್ನು ಕೂರಿಸಿದರು. ನಾನು ಓದಿದ್ದು ಹತ್ತನೇ ಕ್ಲಾಸು. ಅದಕ್ಕೆ ಸಿಕ್ಕಿದ ಕೆಲಸವಲ್ಲ ಇದು, ಬಾಯಿ ಇದ್ದದ್ದಕ್ಕೆ ಸಿಕ್ಕಿದ್ದು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಆಗ ಒಂದೂಮುಕ್ಕಾಲು ವರ್ಷ. ಅವಳನ್ನು ನೋಡಿಕೊಳ್ಳುತ್ತಿದ್ದ ನಮ್ಮ ಮನೆ ಓನರಿನ ತಾಯಿ ತಮ್ಮ ಮಗಳ ಬಾಣಂತನಕ್ಕೆ ಅಂತ ಕೋಟ್ಟಯಂಗೆ ಹೋದವರು ಅಲ್ಲೇ ಉಳಿದರು. ಅಂದಿನಿಂದ ಮಗಳು ನನ್ನ ಜೊತೆ ಕಂಪನಿಗೇ ಬರುತ್ತಿದ್ದಳು. ಫೋನ್ ಮೇಜಿನ ಅಡಿಯಲ್ಲಿ ಮಡಿಸಿದ ಬೆಡ್‌ಶೀಟಿನ ಮೇಲೆ ಅವಳ ಸಂಸಾರ. "ಡೀಲರುಗಳಿಗೆ ಮಗುವಿನ ಅಳು ಕೇಳಿಸಬಾರದು" ಅಂತ ಮ್ಯಾನೇಜರ್ ಹೇಳಿದ್ದರು. ಅವಳು ಅಳುತ್ತಿರಲಿಲ್ಲ. ಡೀಲರುಗಳೇ ಹೆಚ್ಚು ಅಳುತ್ತಿದ್ದರು.

ಸೀಟಿ ಬರುತ್ತಿಲ್ಲ

ಒಂದು ದಿನ ಹುಬ್ಬಳ್ಳಿಯಿಂದ ಒಬ್ಬರು ಹೆಂಗಸು ಫೋನ್ ಮಾಡಿದರು. ಧ್ವನಿ ಕೇಳಿದರೆ ಕುಕ್ಕರಿಗಿಂತ ಮೊದಲು ಅವರೇ ಸೀಟಿ ಹೊಡೆಯುವ ಹಾಗಿತ್ತು.

"ನಿಮ್ಮ ರಬ್ಬರ್ ಹಾಕೀನ್ರಿ. ಅರ್ಧಾ ತಾಸಾತು, ಒಂದೂ ಸೀಟಿ ಹೊಡೀವಲ್ದು."

"ಅಕ್ಕ, ರಬ್ಬರ್ ನೀರಲ್ಲಿ ಅದ್ದಿ ಹಾಕಿದ್ರಾ?"

"ಹಾಕೀನ್ರಿ."

"ಮುಚ್ಚಳ ಪೂರ್ತಿ ಕೂತಿದೆಯಾ?"

"ಕುಂತೈತ್ರಿ. ನಾ ಏನ್ ಹೊಸದಾಗಿ ಅಡಗಿ ಮಾಡಾಕ ಹತ್ತೀನೇನು?"

"ಮೇಲೆ ವೇಟ್ ಇಟ್ಟಿದ್ದೀರಾ?"

ಆ ಕಡೆಯಿಂದ ಪಾತ್ರೆ ಸರಿಸಿದ ಸದ್ದು. ಆಮೇಲೆ, "ಅಯ್ಯ ಶಿವನ, ಅದು ತೊಳ್ಯಾಕ ಹಾಕಿದ ಬುಟ್ಟ್ಯಾಗ ಐತಿ. ಇರ್ಲಿ ಬಿಡ್ರಿ. ಹಂಗ ನೋಡಿದ್ರ ನಿಮ್ಮ ರಬ್ಬರೂ ಅಷ್ಟಕ್ಕಷ್ಟ ಐತಿ" ಅಂದು ಫೋನ್ ಇಟ್ಟರು.

ಇಂಥವರಿಗೂ ಎದುರು ಮಾತಾಡಬಾರದು ಅನ್ನುವುದು ಮೊದಲಾಳಿಯ ನಿಯಮ. ಯಾರು ಏನೇ ಕೇಳಿದರೂ ಇಲ್ಲ ಅನ್ನಬಾರದು, 'ನೋಡೋಣ' ಅನ್ನಬೇಕು. ನಾನು ಕೆಲಸಕ್ಕೆ ಸೇರಿದ ದಿನವೇ ಮ್ಯಾನೇಜರ್ ಇದನ್ನು ಕಲಿಸಿದ್ದರು.

"ನೋಡೋಣ ಅಂದರೆ ಕೊಡುತ್ತೇವೆ ಅಂತಲಾ ಸಾರ್?" ಅಂತ ಕೇಳಿದೆ.

"ನೋಡೋಣ ಅಂದರೆ ಇಲ್ಲ ಅಂತ."

"ಖಂಡಿತ ನೋಡೋಣ ಅಂದರೆ?"

"ಖಂಡಿತ ಇಲ್ಲ ಅಂತ."

ಇಂಥ ನಿಯಮ ಮಾಡಿದ ಮೊದಲಾಳಿ ರಾಜಕೀಯಕ್ಕೆ ಹೋಗಲು ಇಷ್ಟು ವರ್ಷ ಯಾಕೆ ತಡ ಮಾಡಿದರು ಅಂತ ನನಗೆ ಈಗಲೂ ಆಶ್ಚರ್ಯ.

ನಿಮ್ಮ ಮನೆಯದು ಎಷ್ಟು ಲೀಟರ್?

ಕೊನೆಗೆ ಅವರು ರಾಜಕೀಯಕ್ಕೆ ಹೋಗಲು ಕಾರಣ ಒಂದು ಕುರ್ಚಿ. ಕೊಚ್ಚಿಯ ಒಂದು ಹೋಟೆಲಿನಲ್ಲಿ ಉದ್ಯಮಿಗಳ ಸಭೆ ಇತ್ತು. ಹೂವಿನ ಅಲಂಕಾರವೂ ಚಹಾವೂ ನಮ್ಮ ಮೊದಲಾಳಿಯದೇ ಉಪಕಾರ. ಆದರೆ ಮುಂದಿನ ಸಾಲಿನಲ್ಲಿ ಅವರ ಹೆಸರಿನ ಚೀಟಿ ಅಂಟಿಸಿದ್ದ ಕುರ್ಚಿಯಲ್ಲಿ ಯಾರೋ ಮಾಜಿ ಎಂ.ಪಿ. ಕೂತಿದ್ದರಂತೆ. ಅವರ ಪಕ್ಕದ ಕುರ್ಚಿಯಲ್ಲಿ ಅವರ ಬ್ಯಾಗ್ ಕೂತಿತ್ತಂತೆ. ನಮ್ಮವರಿಗೆ ಎರಡನೇ ಸಾಲು. ಬರುವಾಗ ಕಾರಿನಲ್ಲಿ ಡ್ರೈವರಿಗೆ ಹೇಳಿದರಂತೆ: "ನಾನು ಇಷ್ಟು ವರ್ಷ ಕಾರ್ಖಾನೆ ನಡೆಸಿ ಎರಡನೇ ಸಾಲು. ಅವನ ಬ್ಯಾಗಿಗೆ ಮೊದಲನೇ ಸಾಲು."

ಡ್ರೈವರ್ ಸಮಾಧಾನಕ್ಕೆ, "ಸಾರೇ, ಎರಡನೇ ಸಾಲಿಗೆ ಎಸಿ ಚೆನ್ನಾಗಿ ಬರುತ್ತದೆ" ಅಂದನಂತೆ. ಅದು ನಾಟಲಿಲ್ಲ.

ರಾಜ್ಯಸಭೆಗೆ ಹೋಗಲು ನಮ್ಮ ನಿಮ್ಮ ವೋಟು ಬೇಕಿಲ್ಲ, ತಿರುವನಂತಪುರದಲ್ಲಿ ಶಾಸಕರು ವೋಟು ಹಾಕಿದರೆ ಸಾಕು. ಒಂದು ಪಕ್ಷ ಇವರನ್ನು ನಿಲ್ಲಿಸಲು ಒಪ್ಪಿತು. ಮೊದಲಾಳಿಗೆ ಚುನಾವಣೆ ಗೊತ್ತಿಲ್ಲ, ಗೊತ್ತಿರುವುದು ಡೀಲರುಗಳ ಮೀಟಿಂಗು. ಡೀಲರುಗಳನ್ನು ನೋಡಲು ಹೋಗುವಾಗ ಸ್ಯಾಂಪಲ್ ಒಯ್ಯುತ್ತಾರೆ. ಹಾಗೆಯೇ ಪ್ರತಿಯೊಬ್ಬ ಶಾಸಕರಿಗೂ ಒಂದು ಗ್ಯಾಸ್ಕೆಟ್ ಒಯ್ಯಬೇಕು ಅಂತ ತೀರ್ಮಾನಿಸಿದರು. ಆದರೆ ಗ್ಯಾಸ್ಕೆಟ್ ಪೇಟದ ಹಾಗಲ್ಲ, ಎಲ್ಲರಿಗೂ ಒಂದೇ ಸೈಜು ಆಗುವುದಿಲ್ಲ. ನನ್ನ ಕೈಗೆ ಶಾಸಕರ ಫೋನ್ ನಂಬರಿನ ಪಟ್ಟಿ ಕೊಟ್ಟು, "ಎಲ್ಲರ ಮನೆಗೂ ಫೋನ್ ಮಾಡಿ ಕುಕ್ಕರ್ ಎಷ್ಟು ಲೀಟರ್ ಅಂತ ಕೇಳು" ಅಂದರು.

ಕೇಳಿದೆ. ನನಗೇನು?

ಒಬ್ಬ ಶಾಸಕರು ಯಾವುದೋ ರೇಡಿನವರು ಅಂದುಕೊಂಡು, "ನಮ್ಮ ಮನೆಯಲ್ಲಿ ಕುಕ್ಕರೇ ಇಲ್ಲ, ಮಣ್ಣಿನ ಪಾತ್ರೆಯಲ್ಲೇ ಅಡುಗೆ" ಅಂತ ಪ್ರಮಾಣ ಮಾಡಿದರು. ಅವರ ಹಿಂದೆಯೇ ಎರಡು ಸೀಟಿ ಕೇಳಿಸಿತು. ಎದುರು ಪಕ್ಷದವರೊಬ್ಬರು, "ಏಳೂವರೆ ಲೀಟರ್. ಆದರೆ ವೋಟು ಹಾಕುವುದಿಲ್ಲ, ಹೇಳಿಬಿಡು" ಅಂದರು. ಇನ್ನೊಬ್ಬರ ಮನೆಯಲ್ಲಿ ಹೆಂಡತಿ ಎತ್ತಿದರು. ನನ್ನನ್ನು ಮೋಳೆ, ಅಂದರೆ ಮಗಳೇ, ಅಂತಲೇ ಕರೆದರು.

"ಮೊದಲು ಐದು ಲೀಟರಿನದು ಇತ್ತು ಮೋಳೆ. ಇವರು ಗೆದ್ದ ಮೇಲೆ ಮನೆಗೆ ಊಟಕ್ಕೇ ಬರುವುದಿಲ್ಲ. ಈಗ ನನಗೊಬ್ಬಳಿಗೆ ಎರಡು ಲೀಟರ್ ಸಾಕು. ಮುಂದಿನ ಸಲ ಸೋತರೆ ಹೇಳುತ್ತೇನೆ, ಆಗ ಐದರದು ಕಳಿಸು."

ಮಧ್ಯಾಹ್ನದ ಹೊತ್ತಿಗೆ ಪಕ್ಷದ ನಾಯಕರಿಂದಲೇ ಫೋನ್ ಬಂತು. "ಇದು ಲಂಚ ಕೊಟ್ಟ ಹಾಗಾಗುತ್ತದೆ, ನಿಲ್ಲಿಸಿ!" ಮೊದಲಾಳಿ ಬೆರಗಾಗಿ, "ಲಂಚವಾ? ಬರೀ ರಬ್ಬರ್!" ಅಂದರು. ಕೊನೆಗೆ ಆದದ್ದೇನೆಂದರೆ, ಇವರ ಎದುರು ಯಾರೂ ನಿಲ್ಲಲೇ ಇಲ್ಲ. ವೋಟೇ ಇಲ್ಲದೆ ಅವಿರೋಧವಾಗಿ ಆಯ್ಕೆಯಾದರು. ಒಂದು ರಾಜ್ಯದ ಶಾಸಕರ ಅಡುಗೆಮನೆಯ ಅಳತೆಯೆಲ್ಲ ಒಂದು ನೋಟ್ ಬುಕ್ಕಿನಲ್ಲಿ ನನ್ನ ಹತ್ತಿರ ಉಳಿಯಿತು. ಬೇರೆ ಯಾವ ಕಚೇರಿಯಲ್ಲೂ ಆ ಮಾಹಿತಿ ಇರಲಿಕ್ಕಿಲ್ಲ.

ಬಂದ ಉದ್ದೇಶ

ಎಂ.ಪಿ. ಆದ ಮೇಲೆ ತಿರುವನಂತಪುರದ ಪಟ್ಟಂನಲ್ಲಿ ಒಂದು ಫ್ಲ್ಯಾಟ್ ಹಿಡಿದು ಆಫೀಸು ಮಾಡಿದರು. ಅಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರನ್ನು ಪಿ.ಎ. ಮಾಡಿಕೊಂಡರು. ಅವರನ್ನು ನಾವೆಲ್ಲ ಪಟ್ಟಂ ಸಾರ್ ಅನ್ನುತ್ತಿದ್ದೆವು. ಫೋನಿನ ಕೆಲಸ ಅವರಿಗೆ ತೋರಿಸಿಕೊಡಲು ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಮಗಳು ನನ್ನ ಮಡಿಲಲ್ಲಿ.

ಫ್ಲ್ಯಾಟಿನ ಗೇಟಿನಲ್ಲಿ ಮುದುಕ ವಾಚ್‌ಮನ್ ಕಾರು ತಡೆದ. ಮೊದಲಾಳಿ ಗಾಜು ಇಳಿಸಿ, "ನಾನು ಎಂ.ಪಿ." ಅಂದರು.

"ಆಗಲಿ. ಪುಸ್ತಕದಲ್ಲಿ ಬರೆಯಿರಿ."

ಹೆಸರು ಬರೆದರು. ಬಂದ ಉದ್ದೇಶ ಅಂತ ಒಂದು ಕಾಲಂ ಇತ್ತು. ಸ್ವಲ್ಪ ಯೋಚಿಸಿ 'ಜನಸೇವೆ' ಅಂತ ಬರೆದರು. ವಾಚ್‌ಮನ್ ಕನ್ನಡಕ ಏರಿಸಿ ಓದಿದ.

"ಎಷ್ಟು ಹೊತ್ತು ಇರುತ್ತೀರಿ?"

"ಆರು ವರ್ಷ."

"ಹಾಗಾದರೆ ಗಾಡಿ ಒಳಗೆ ಬೇಡ ಸಾರೇ, ರಸ್ತೆಯಲ್ಲೇ ನಿಲ್ಲಿಸಿ. ಇಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡುವುದಿಲ್ಲ."

ಮಾಡೆಲ್: ಟಾರು

ಕಾರ್ಖಾನೆಯ ಫೋನ್ ನಂಬರ್ ಅದೃಷ್ಟದ್ದು ಅಂತ ಮೊದಲಾಳಿ ಎಂ.ಪಿ. ಕಾರ್ಡಿನ ಮೇಲೂ ಅದನ್ನೇ ಅಚ್ಚು ಹಾಕಿಸಿದರು. ಹೀಗಾಗಿ ಇಡೀ ಕೇರಳದ ಕಷ್ಟ ಪಟ್ಟಂಗೆ ಹೋಗದೆ ಅಂಬಲಮುಗಳಿಗೆ, ನನ್ನ ಮೇಜಿಗೆ ಬರತೊಡಗಿತು. ಬೇರೆ ರಿಜಿಸ್ಟರ್ ಕೊಡಿ ಅಂತ ಕೇಳಿದೆ. ನೋಡೋಣ ಅಂದರು. ನಾನು ಕುಕ್ಕರಿನ ರಿಜಿಸ್ಟರಿನಲ್ಲೇ ಬರೆದುಕೊಂಡೆ. ಕಾಲಂಗಳು ಅಚ್ಚಾಗಿಯೇ ಇದ್ದವು, ನಾನೇನು ಮಾಡಲಿ? ಒಂದು ರಸ್ತೆಯ ದೂರು ಹೀಗಿತ್ತು:

ಮಾಡೆಲ್: ಟಾರು. ಯಾವಾಗ ತೆಗೆದುಕೊಂಡದ್ದು: ಹಿಂದಿನ ಚುನಾವಣೆಗೆ ಮೊದಲು. ತೊಂದರೆ ಏನು: ಅಂಚಿನಲ್ಲಿ ಬಿಟ್ಟುಕೊಂಡಿದೆ. ಕಂಪನಿ ಹೇಳಿದಂತೆ ಬಳಸಿದ್ದಾರೆಯೇ: ನಡೆದಿದ್ದಾರೆ ಅಷ್ಟೆ.

ಇದರ ನಕಲು ಪಟ್ಟಂಗೆ ಕಳಿಸಿದಾಗ ಪಟ್ಟಂ ಸಾರ್ ಓದಿ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎರಡು ಸಲ ಓದಿ, "ಸರ್ಕಾರದಲ್ಲಿ ಅಷ್ಟು ವರ್ಷ ಇದ್ದೆ. ಇಷ್ಟು ಸ್ಪಷ್ಟವಾದ ಕಡತ ನೋಡಿರಲಿಲ್ಲ" ಅಂದರು.

ತೊಂದರೆ ಆದದ್ದು ಬೇರೆ ಕಡೆ. ರಿಜಿಸ್ಟರಿನಲ್ಲಿ ಹೆಸರು ವಿಳಾಸ ಬಿದ್ದರೆ ವಾರಕ್ಕೊಮ್ಮೆ ಪ್ಯಾಕಿಂಗಿನವರು ನೋಡಿ ಪ್ರತಿಯೊಬ್ಬರಿಗೂ ಒಂದೊಂದು ಬದಲಿ ರಿಂಗು ಅಂಚೆಯಲ್ಲಿ ಕಳಿಸುವುದು ಕಂಪನಿಯ ಪದ್ಧತಿ. ಅವರು ಪದ್ಧತಿ ಬಿಡಲಿಲ್ಲ. ಬಸ್ ಸ್ಟಾಪ್ ಕೇಳಿದವರಿಗೆ, ಪಿಂಚಣಿ ನಿಂತವರಿಗೆ, ಪಕ್ಕದ ಮನೆಯವರು ಬೇಲಿ ಸರಿಸಿದ್ದಾರೆ ಅಂದವರಿಗೆ, ಎಲ್ಲರಿಗೂ ಐದು ಲೀಟರಿನ ಒಂದು ಗ್ಯಾಸ್ಕೆಟ್ ಹೋಯಿತು.

ವಿಷಯ ತಿಳಿದು ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಬೇಲಿಯ ಅಜ್ಜನಿಂದ ಕಾರ್ಡು ಬಂತು. "ಇಷ್ಟು ಎಂ.ಪಿ.ಗಳಿಗೆ ಅರ್ಜಿ ಕೊಟ್ಟಿದ್ದೇನೆ. ಕೈಗೆ ಏನಾದರೂ ಬಂದದ್ದು ಇದೇ ಮೊದಲು. ಇನ್ನೊಂದು ಅರ್ಜಿ ಲಗತ್ತಿಸಿದ್ದೇನೆ. ಈ ಸಲ ಮೂರು ಲೀಟರಿನದು ಸಾಕು."

ಯುವಕರ ಪ್ರತಿನಿಧಿ

ಇದೆಲ್ಲ ಆದ ಮೇಲೆ ಒಂದು ಟಿ.ವಿ.ಯವರು ಸಂದರ್ಶನಕ್ಕೆ ಕಾರ್ಖಾನೆಗೇ ಬಂದರು. ಮೊದಲಾಳಿ ತಲೆಗೆ ಬಣ್ಣ ಹಚ್ಚಿಸಿಕೊಂಡು, ಜೀನ್ಸ್ ಪ್ಯಾಂಟು ಹಾಕಿಕೊಂಡು ಬಂದಿದ್ದರು. ನನ್ನ ಮೇಜಿನ ಪಕ್ಕದಲ್ಲೇ ಬೆಳಕು ಚೆನ್ನಾಗಿದೆ ಅಂತ ಅಲ್ಲೇ ಕುರ್ಚಿ ಹಾಕಿದರು.

"ನಾನು ದೆಹಲಿಗೆ ಹೋಗಿರುವುದು ಯುವಕರ ಪ್ರತಿನಿಧಿಯಾಗಿ" ಅಂತ ಅವರು ಕ್ಯಾಮೆರಾದ ಕಡೆ ಬೆರಳು ಎತ್ತಿದ್ದೇ ತಡ, ಮೇಜಿನ ಅಡಿಯಿಂದ ನನ್ನ ಮಗಳು ಹೊರಗೆ ಬಂದಳು. ಅವಳಿಗೆ ಮನೆಯಲ್ಲಿ ನಾನು ಕನ್ನಡದಲ್ಲಿ ಹೇಳಿದ್ದು ಎಲ್ಲ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ ಮಾತ್ರ ಮಲಯಾಳ. ನೇರ ಹೋಗಿ ಆ ಜೀನ್ಸ್ ಪ್ಯಾಂಟಿನ ಮೊಣಕಾಲು ಹಿಡಿದು, ಎರಡೂ ಕೈ ಎತ್ತಿ, ಸ್ಪಷ್ಟವಾಗಿ ಕರೆದಳು: "ಅಪ್ಪೂಪ್ಪಾ!"

ಅಪ್ಪೂಪ್ಪ ಅಂದರೆ ಅಜ್ಜ.

ಇಡೀ ಸಂದರ್ಶನದಲ್ಲಿ ಟಿ.ವಿ.ಯವರು ತೋರಿಸಿದ್ದು ಅಷ್ಟೇ ಭಾಗ. ಸಂಜೆಯ ಹೊತ್ತಿಗೆ ಅದು ನನ್ನ ಗಂಡನ ಮೊಬೈಲಿಗೂ ನಾಲ್ಕು ಕಡೆಯಿಂದ ಬಂದಿತ್ತು.

ಮರುದಿನ ಮ್ಯಾನೇಜರ್ ಕರೆದರು. "ಈ ತಿಂಗಳ ಕೊನೆವರೆಗೆ ಸಮಯ. ಆಮೇಲೆ ಮಗು ಒಳಗೆ ಬರಬಾರದು. ಬರುವುದಾದರೆ ನೀನೂ ಬರಬೇಡ."

"ಎಲ್ಲಿ ಬಿಟ್ಟು ಬರಲಿ ಸಾರ್?"

"ಅದು ಕಂಪನಿಯ ವಿಷಯವಲ್ಲ."

"ನಿಮ್ಮ ಮಕ್ಕಳನ್ನು ಎಲ್ಲಿ ಬಿಟ್ಟಿದ್ದಿರಿ?"

"ನನ್ನ ಹೆಂಡತಿ ಮನೆಯಲ್ಲೇ ಇದ್ದಳು. ಅವಳಿಗೆ ಕೆಲಸ ಇಲ್ಲ."

"ಸರಿ ಸಾರ್. ಎರಡು ಮಕ್ಕಳ ಜೊತೆ ನಿಮ್ಮನ್ನೂ ನೋಡಿಕೊಳ್ಳುವುದು ಕೆಲಸ ಅಲ್ಲ, ಶಿಕ್ಷೆ ಅಂತ ಇಟ್ಟುಕೊಳ್ಳೋಣ."

ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದು ತಿಂಗಳು ಸಿಗುತ್ತಿತ್ತೋ ಏನೋ. ಆದರೆ ಹೇಳುತ್ತೇನೆ, ಆ ದಿನ ನನಗೆ ನಗು ಬಂದಿರಲಿಲ್ಲ. ಗಂಡನ ಕೆಲಸ ಗುತ್ತಿಗೆಯದು, ಇದ್ದರೆ ಇದೆ. ನನ್ನ ಕೆಲಸ ಹೋದರೆ ಮನೆ ಖಾಲಿ ಮಾಡಿ ಊರಿಗೆ ಹೋಗಬೇಕಿತ್ತು. ಒಳಗೆ ಹಾಲ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು ಕೂತು ರಿಂಗಿನ ಅಂಚಿನ ಹೆಚ್ಚಿನ ರಬ್ಬರ್ ಕತ್ತರಿಸುತ್ತಾರೆ. ಅವರಲ್ಲಿ ಒಂಬತ್ತು ಮಂದಿಗೆ ಸಣ್ಣ ಮಕ್ಕಳು. ಒಂದು ಮಗು ಪಕ್ಕದ ಮನೆಯಲ್ಲಿ, ಒಂದು ಕಣ್ಣು ಕಾಣದ ಅಜ್ಜಿಯ ಹತ್ತಿರ, ಒಂದು ಹಲಸಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ. ಎಲ್ಲರ ಕೈಯಲ್ಲೂ ಕತ್ತರಿ, ಮನಸ್ಸು ಮಾತ್ರ ಬೇರೆ ಕಡೆ.

ಮೊದಲಾಳಿ ಕಾರು ಹತ್ತುವಾಗ ಅಡ್ಡ ನಿಂತು ಕೇಳಿದೆ. ಅವರು ಬಹಳ ಪ್ರೀತಿಯಿಂದ, "ಖಂಡಿತ ನೋಡೋಣ" ಅಂದರು.

ಪ್ರಶ್ನೆ ಕೇಳದ ಸದಸ್ಯ

ಅದೇ ವಾರ ಪತ್ರಿಕೆಯೊಂದರಲ್ಲಿ ಯಾವ ಎಂ.ಪಿ. ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದ್ದಾರೆ ಅಂತ ಪಟ್ಟಿ ಬಂತು. ನಮ್ಮವರ ಹೆಸರಿನ ಮುಂದೆ ಸೊನ್ನೆ. ಮೊದಲಾಳಿ ಕೆಂಡವಾದರು. "ನನಗೆ ಗೊತ್ತಿಲ್ಲದ್ದು ಏನಿದೆ ಅಂತ ನಾನು ಪ್ರಶ್ನೆ ಕೇಳಬೇಕು?" ಅಂದರು. ಆದರೂ ಪಟ್ಟಂ ಸಾರ್‌ಗೆ ಆಜ್ಞೆಯಾಯಿತು: ಎರಡು ದಿನದಲ್ಲಿ ಪ್ರಶ್ನೆಗಳು ಸಿದ್ಧವಾಗಬೇಕು, ಜನರ ಕಷ್ಟದ್ದಾಗಿರಬೇಕು, ಕಷ್ಟ ಏನೇನಿದೆ ಅಂತ ಆ ಫೋನಿನ ಹುಡುಗಿಯನ್ನು ಕೇಳಿ.

ಪಟ್ಟಂ ಸಾರ್ ಬೆಳಗಿನ ರೈಲು ಹಿಡಿದು ಅಂಬಲಮುಗಳಿಗೆ ಬಂದರು. ನನ್ನ ಎದುರು ಕೂತು ಪೆನ್ನಿನ ಕ್ಯಾಪ್ ತೆಗೆದರು. ರಿಜಿಸ್ಟರ್ ನೋಡಿ ಹತ್ತು ಪ್ರಶ್ನೆ ಬರೆದುಕೊಂಡರು. "ಇನ್ನೊಂದು ಇದ್ದರೆ ಹನ್ನೊಂದಾಗುತ್ತದೆ. ಹೇಳಿ."

"ಕೂಸನ್ನು ಎಲ್ಲಿ ಬಿಡುವುದು?" ಅಂದೆ.

"ಯಾರ ಕೂಸು?"

ಮೇಜಿನ ಅಡಿಗೆ ಕೈ ತೋರಿಸಿದೆ. ಬಗ್ಗಿ ನೋಡಿದರು. ಮಗಳು ಅವರ ಬೂಟಿನ ಲೇಸು ಬಿಚ್ಚಿ ಆಗಿತ್ತು.

"ಇಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ?" ಅಂತ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಐವತ್ತಕ್ಕಿಂತ ಹೆಚ್ಚು ಜನ ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಲೇಬೇಕು ಅಂತ ಕಾನೂನಿದೆ. ನಿಮಗೆ ಗೊತ್ತಾ?"

"ನನಗೆ ಹೇಗೆ ಗೊತ್ತಾಗಬೇಕು? ಮೊದಲಾಳಿಗೆ ಗೊತ್ತಿರಬೇಕು. ಕಾನೂನು ಮಾಡುವ ಜಾಗದಲ್ಲಿ ಕೂತಿದ್ದಾರೆ."

ಪಟ್ಟಂ ಸಾರ್ ನಗಲಿಲ್ಲ. ಅವರು ನಗುವುದನ್ನು ಸರ್ಕಾರದಲ್ಲೇ ಬಿಟ್ಟು ಬಂದವರು. ಆದರೆ ಆ ಹನ್ನೊಂದನೇ ಪ್ರಶ್ನೆಯನ್ನು ಅವರು ಬರೆದ ರೀತಿ ನೋಡಬೇಕಿತ್ತು, ಹೆಣ್ಣಿನ ಮದುವೆಗೆ ರಂಗೋಲಿ ಹಾಕಿದ ಹಾಗೆ. ಕೊಚ್ಚಿಯ ಸುತ್ತಿನ ಯಾವ ಯಾವ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇದೆ, ಯಾವುದರಲ್ಲಿ ಇಲ್ಲ, ಇಲ್ಲದವರ ಮೇಲೆ ಏನು ಕ್ರಮ ಅಂತ ಮೂರು ಭಾಗ ಮಾಡಿದರು.

ಬರೆದು ಮುಗಿಸಿ ನಿಧಾನಕ್ಕೆ ಕೇಳಿದರು: "ಇದನ್ನು ನಾನು ಎಂ.ಪಿ.ಯವರಿಗೆ ಓದಿ ಹೇಳಬೇಕಾ?"

"ಅವರು ಓದುವವರಾಗಿದ್ದರೆ ನಿಮ್ಮನ್ನು ಯಾಕೆ ಇಟ್ಟುಕೊಳ್ಳುತ್ತಿದ್ದರು ಸಾರ್?"

ಮೊದಲಾಳಿ ಏರ್‌ಪೋರ್ಟಿಗೆ ಹೋಗುವ ಕಾರಿನಲ್ಲಿ, ಫೋನ್ ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಹನ್ನೊಂದಕ್ಕೂ ಸಹಿ ಹಾಕಿದರು. "ಕಷ್ಟ ಎಲ್ಲ ಬಂದಿದೆಯಲ್ಲ?" ಅಂತ ಕೇಳಿದರಂತೆ. ಪಟ್ಟಂ ಸಾರ್, "ಬರುತ್ತದೆ ಸಾರ್" ಅಂದರಂತೆ.

ಇದೆ ಅಂತ ಬರೆಯಿರಿ

ಸದನದಲ್ಲಿ ಮಂತ್ರಿ ಬಾಯಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸುತ್ತಾರಂತೆ. ಹನ್ನೊಂದರಲ್ಲಿ ಚೀಟಿ ಎದ್ದದ್ದು ಹನ್ನೊಂದನೆಯದಕ್ಕೆ. ದೆಹಲಿಯಿಂದ ತಿರುವನಂತಪುರಕ್ಕೆ, ಅಲ್ಲಿಂದ ಕೊಚ್ಚಿಗೆ, ಕೊಚ್ಚಿಯ ಲೇಬರ್ ಆಫೀಸಿನಿಂದ ಎಲ್ಲ ಕಾರ್ಖಾನೆಗೂ ಅದು ಇಳಿದು ಬಂತು. ನಮ್ಮ ಕಾರ್ಖಾನೆಗೂ ಬಂತು. ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಸಂಜೆ ನಾಲ್ಕರೊಳಗೆ ಉತ್ತರ ಬೇಕು, ಸಂಸತ್ತಿನ ವಿಷಯ, ಬಹಳ ತುರ್ತು ಅಂತ ಮೇಲೆಯೇ ಬರೆದಿತ್ತು.

ಮ್ಯಾನೇಜರ್ ಕಂಪ್ಯೂಟರಿನಲ್ಲಿ ಓದುತ್ತಾ ಓದುತ್ತಾ ಕೆಂಪಾದರು. "ಯಾವನೋ ಕೆಲಸವಿಲ್ಲದ ಎಂ.ಪಿ.! ಜೀವನದಲ್ಲಿ ಒಂದು ದಿನ ಕಾರ್ಖಾನೆ ನಡೆಸಿದ್ದರೆ ಇಂಥ ಪ್ರಶ್ನೆ ಕೇಳುತ್ತಿದ್ದನಾ? ಇಂಥವರನ್ನು ದೆಹಲಿಗೆ ಕಳಿಸುವವರನ್ನು ಹೇಳಬೇಕು."

"ಹೆಸರು ಕೊನೆಯ ಪುಟದಲ್ಲಿದೆ ಸಾರ್" ಅಂದೆ.

ಕೊನೆಯ ಪುಟಕ್ಕೆ ಹೋದರು. ಕುರ್ಚಿಯಿಂದ ಎದ್ದರು. ಮತ್ತೆ ಕೂತರು. ದೆಹಲಿಗೆ ಫೋನ್ ಹಚ್ಚಿದರು. ಗಾಬರಿಯಲ್ಲಿ ಸ್ಪೀಕರ್ ಆನ್ ಆಗಿತ್ತು, ಹಾಲ್‌ನವರೂ ಬಾಗಿಲಿಗೆ ಬಂದು ನಿಂತರು.

"ಯಾರು ಕೇಳಿದ್ದು?" ಅಂತ ಮೊದಲಾಳಿಯ ಧ್ವನಿ.

"ನೀವೇ ಸಾರ್."

"ನಾನಾ? ಯಾವಾಗ?"

"ಅದು ಗೊತ್ತಿಲ್ಲ ಸಾರ್. ಸಹಿ ನಿಮ್ಮದೇ. ಏನು ಬರೆಯಲಿ?"

"ಮಕ್ಕಳ ಕೋಣೆ ಇದೆ ಅಂತ ಬರೆಯಿರಿ."

"ಇಲ್ಲವಲ್ಲ ಸಾರ್."

"ಬರೆದ ಮೇಲೆ ಇರುತ್ತದೆ!"

ಬರೆದರು. ಸಂಜೆ ನಾಲ್ಕೂವರೆಗೆ ಲೇಬರ್ ಆಫೀಸಿನಿಂದ ಒಬ್ಬರು ಮೇಡಂ ಫೋನ್ ಮಾಡಿದರು. ಪ್ರಶ್ನೆ ಕೇಳಿದವರ ಕಂಪನಿಯಲ್ಲೇ ಕೋಣೆ ಇದೆ ಅಂತ ತಿಳಿದು ಅವರಿಗೆ ಬಹಳ ಸಂತೋಷವಾಗಿತ್ತು. ನಾಳೆ ಬೆಳಿಗ್ಗೆ ಫೋಟೋ ತೆಗೆಯಲು ಬರುತ್ತೇನೆ ಅಂದರು.

ಇಡೀ ಕಾರ್ಖಾನೆಯಲ್ಲಿ ರಬ್ಬರ್ ವಾಸನೆ ಇಲ್ಲದ, ನೆಲ ಸ್ವಚ್ಛವಿದ್ದ, ಒಳಗೇ ಬಚ್ಚಲು ಇದ್ದ ಕೋಣೆ ಒಂದೇ ಒಂದು. ಅದು ಮೊದಲಾಳಿಯ ಕ್ಯಾಬಿನ್. ಮ್ಯಾನೇಜರ್ ಹತ್ತು ನಿಮಿಷ ಅದರ ಬಾಗಿಲಲ್ಲಿ ನಿಂತು ದೇವರನ್ನು ನೆನೆದರು. ಆಮೇಲೆ ನಮ್ಮನ್ನೇ ಕರೆದರು. ಆ ದೊಡ್ಡ ಮೇಜನ್ನು ಹೊರಗೆ ಸಾಗಿಸಲು ಹದಿನಾಲ್ಕು ಹೆಂಗಸರು ಬೇಕಾದರು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಮಾರನೇ ದಿನ ಮೇಡಂ ಬಂದಾಗ ನೆಲದ ತುಂಬ ಚಾಪೆ, ಚಾಪೆಯ ತುಂಬ ಮಕ್ಕಳು. ಹಾಲ್‌ನ ಎಲ್ಲರಿಗಿಂತ ಹಿರಿಯ ಚೇಚಿಯನ್ನು, ಅಂದರೆ ಅಕ್ಕನನ್ನು, ಮಕ್ಕಳನ್ನು ನೋಡಿಕೊಳ್ಳಲು ಕೂರಿಸಿದ್ದೆವು. ಮೂರು ಮಕ್ಕಳನ್ನೂ ಆರು ಮೊಮ್ಮಕ್ಕಳನ್ನೂ ಸಾಕಿದವರು, ಯಾರಿಗೂ ಹೆದರುವುದಿಲ್ಲ. ಗೋಡೆಯ ಮೇಲಿದ್ದ ಮೊದಲಾಳಿಯ ಫೋಟೋ ತೆಗೆಯಲು ಮರೆತಿತ್ತು. ಮೇಡಂ ಅದನ್ನು ತೋರಿಸಿ ನನ್ನ ಮಗಳನ್ನು ಕೇಳಿದರು, "ಇದು ಯಾರು ಮೋಳೆ?"

ಮಗಳು ಹೇಳಿದಳು. ಮೇಡಂ ವರದಿಯಲ್ಲಿ ಬರೆದುಕೊಂಡರು: ಇಲ್ಲಿಯ ಮಕ್ಕಳು ಮಾಲೀಕರನ್ನು ಸ್ವಂತ ಅಜ್ಜನೆಂದೇ ತಿಳಿದಿದ್ದಾರೆ.

ನಾಲ್ಕು ಗಂಟೆಗೆ

ಫೋಟೋ ತೆಗೆದಾಯಿತಲ್ಲ, ಇನ್ನು ಮಕ್ಕಳನ್ನು ಕಳಿಸಿ ಮೇಜು ಒಳಗೆ ಇಡಿ ಅಂತ ಮ್ಯಾನೇಜರ್ ಅಂದರು. ಚೇಚಿ ಒಪ್ಪಲಿಲ್ಲ. "ಸಂಸತ್ತಿನಲ್ಲಿ ಉತ್ತರ ಆಗುವವರೆಗೆ ಇರಲಿ ಸಾರೇ, ಮೇಡಂ ಮತ್ತೆ ಬಂದರೆ?" ಅಂದರು. ಮ್ಯಾನೇಜರ್‌ಗೆ ಆ ಮೇಡಂ ಭಯ ಚೆನ್ನಾಗಿ ಹಿಡಿದಿತ್ತು. ಉತ್ತರದ ದಿನ ತಿಂಗಳ ಕೊನೆಯ ದಿನವೇ ಬಿತ್ತು. ಅಂದು ಸಂಜೆಯೊಳಗೆ ಮೇಜು ಒಳಗೆ ಹೋದರೆ ಮಗಳೂ ನಾನೂ ಹೊರಗೆ. ಹಾಲ್‌ನ ಟಿ.ವಿ.ಯ ಮುಂದೆ ಎಲ್ಲರೂ ನಿಂತೆವು.

ಮೊದಲಾಳಿ ಎದ್ದು ನಿಂತು ಪ್ರಶ್ನೆಯ ನಂಬರ್ ಹೇಳಿದರು. ಮಂತ್ರಿಗಳು ಉತ್ತರ ಓದಿದರು. ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಅವರು ಆ ಕಾಗದ ಕೆಳಗಿಟ್ಟು, ಲೇಬರ್ ಆಫೀಸಿನ ಮೇಡಂ ಕಳಿಸಿದ ವರದಿ ಎತ್ತಿಕೊಂಡು, ಪ್ರಶ್ನೆ ಕೇಳಿದ ಮಾನ್ಯ ಸದಸ್ಯರ ಬಗ್ಗೆ ಒಂದು ಮಾತು ಹೇಳಬೇಕು ಅಂದರು. ಮಕ್ಕಳಿಗಾಗಿ ತಮ್ಮ ಸ್ವಂತ ಎಸಿ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಾರೆ, ಉಳಿದ ಉದ್ಯಮಿಗಳೂ ಇವರನ್ನು ನೋಡಿ ಕಲಿಯಬೇಕು ಅಂದರು. ಇಡೀ ಸದನ ಮೇಜು ಕುಟ್ಟಿತು, ಎದುರು ಪಕ್ಷವೂ ಕುಟ್ಟಿತು. ಯಾವ ಕೋಣೆ ಅಂತ ಅಲ್ಲಿ ಗೊತ್ತಿಲ್ಲದೆ ಇದ್ದದ್ದು ನಮ್ಮ ಮೊದಲಾಳಿಗೆ ಒಬ್ಬರಿಗೇ. ಪಾಪ, ಅವರೂ ನಗುತ್ತಾ ನಾಲ್ಕು ಸಲ ಮೇಜು ಕುಟ್ಟಿದರು.

ಹಾಲ್‌ನಲ್ಲಿ ಕತ್ತರಿಗಳನ್ನು ಮೇಲೆತ್ತಿ ಹೆಂಗಸರು ಕೂಗಿದ ಕೂಗಿಗೆ ಒಳಗೆ ಮಲಗಿದ್ದ ಎರಡು ಮಕ್ಕಳು ಎದ್ದವು. ಚೇಚಿ ಬಂದು ನಮಗೆಲ್ಲ ಬೈದು ಹೋದರು. ಮ್ಯಾನೇಜರ್ ಮಾತ್ರ, ಹೊರಗೆ ಬಿಸಿಲಲ್ಲಿ ನಿಂತಿದ್ದ ದೊಡ್ಡ ಮೇಜಿಗೆ ತಾವೇ ಹೋಗಿ ಒಂದು ಪ್ಲಾಸ್ಟಿಕ್ ಹೊದಿಸಿ ಬಂದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಎರಡೂವರೆಗೆ ಮೊದಲಾಳಿ ಬಂದರು. ಯಾರ ಮುಖವನ್ನೂ ನೋಡದೆ ನೇರ ಕ್ಯಾಬಿನ್ನಿನ ಬಾಗಿಲಿಗೆ ಹೋಗಿ ಹಿಡಿಗೆ ಕೈ ಹಾಕಿದರು. ಒಳಗಿನಿಂದ ಚೇಚಿ ಬಾಗಿಲನ್ನು ಒಂದು ಗೇಣು ತೆರೆದು, ತುಟಿಯ ಮೇಲೆ ಬೆರಳಿಟ್ಟರು.

"ಶ್! ಈಗ ತಾನೇ ಮಲಗಿದ್ದಾರೆ. ನಾಲ್ಕು ಗಂಟೆಗೆ ಬನ್ನಿ."

"ನಾನು..."

"ನೀವು ಯಾರೇ ಆಗಿರಿ. ಮೊದಲು ಚಪ್ಪಲಿ ಅಲ್ಲಿ ಬಿಡಿ, ಧೂಳು."

ಬಾಗಿಲು ಮುಚ್ಚಿಕೊಂಡಿತು. ಮೊದಲಾಳಿ ಸುತ್ತ ನೋಡಿದರು. ಕೂರಲು ಬೇರೆ ಜಾಗವಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ನನ್ನ ಮೇಜಿನ ಎದುರು ಅರ್ಜಿ ತಂದವರು ಕೂರುವ ಬೆಂಚಿನ ತುದಿಯಲ್ಲಿ ಕೂತರು. ನನ್ನನ್ನು ನೋಡಿದರು. ನಾನು ರಿಜಿಸ್ಟರ್ ನೋಡಿದೆ.

ಅದೇ ಬೆಂಚಿನಲ್ಲಿ ಬೆಳಿಗ್ಗೆಯಿಂದ ಒಬ್ಬ ಮುದುಕರು ಅರ್ಜಿಯ ಚೀಲ ಹಿಡಿದು ಕಾದಿದ್ದರು. ರಾಜ್ಯಸಭೆಯವರಿಗೆ ಜನ ವೋಟು ಹಾಕಿರುವುದಿಲ್ಲವಲ್ಲ, ಮುಖ ಹೇಗೆ ಗೊತ್ತಾಗಬೇಕು? ಮುದುಕರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು ಕೇಳಿದರು:

"ನೀವೂ ಎಂ.ಪಿ.ಯನ್ನು ನೋಡಲು ಬಂದಿದ್ದೀರಾ?"

ಮೊದಲಾಳಿ ಮುಚ್ಚಿದ ಬಾಗಿಲು ನೋಡಿದರು. ಒಳಗಿನಿಂದ ಯಾವುದೋ ಮಗುವಿನ ಸಣ್ಣ ಕೆಮ್ಮು, ಚೇಚಿ ತಟ್ಟಿ ಮಲಗಿಸುವ ಸದ್ದು.

"ಹೌದು" ಅಂದರು.

"ಇವತ್ತು ಸಿಗುತ್ತಾರಂತಾ?"

ಮೊದಲಾಳಿ ಧ್ವನಿ ತಗ್ಗಿಸಿದರು.

"ಮಕ್ಕಳು ಎದ್ದ ಮೇಲೆ."